ಸೋರಿಹೋಗುವ ಎಣ್ಣೆ

ಹಳೆಯ ಯಂತ್ರವೊಂದನ್ನು ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಿಸಿ, ಮತ್ತೆ ಓಡುವಂತೆ ಮಾಡಿದ ಮೇಲೆ ನಮ್ಮ ಕೆಲಸ ಮುಗಿಯಿತೇ? ಮುಗಿಯಿತು ಅನ್ನುವವರೇ ಹೆಚ್ಚು. ಯೂಟ್ಯೂಬಿನಲ್ಲಿ ಇಂಥ ವಿಡಿಯೊಗಳಿಗೆ ಬರವಿಲ್ಲ. ಮೊದಲು ತುಕ್ಕಿನ ಮುದ್ದೆ, ಕೊನೆಗೆ ಹೊಳೆಯುವ ಬಣ್ಣ, ನಡುವೆ ಇಪ್ಪತ್ತು ನಿಮಿಷ. ನಿದ್ದೆ ಬಾರದ ರಾತ್ರಿ ನಾನೂ ಅವನ್ನು ನೋಡುವವನೇ. ಆದರೆ ಆ ಯಂತ್ರಕ್ಕೆ ಮಾರನೆಯ ಬೆಳಿಗ್ಗೆ ಯಾರು ಎಣ್ಣೆ ಬಿಟ್ಟರು, ಅದರ ಮಾರನೆಯ ಬೆಳಿಗ್ಗೆ ಯಾರು ಬಿಟ್ಟರು ಎಂದು ತೋರಿಸುವ ವಿಡಿಯೊ ನನ್ನ ಕಣ್ಣಿಗೆ ಬಿದ್ದಿಲ್ಲ. ತೋರಿಸಿದರೂ ನೋಡುವವರು ಯಾರು? ಎರಡು ಹನಿ ಎಣ್ಣೆ, ಒರೆಸಲು ಒಂದು ಬಟ್ಟೆ ಚೂರು, ಅಷ್ಟೇ ತಾನೆ.

ಈ ಪ್ರಶ್ನೆಯ ಮುಂದೆ ನನ್ನನ್ನು ತಂದು ನಿಲ್ಲಿಸಿದ್ದು ಒಂದು ಪವರ್ ಹ್ಯಾಕ್ಸಾ. ಪುಣೆಯ ಭೋಸರಿ ಎಂಐಡಿಸಿಯಲ್ಲಿ ನನ್ನ ಗೆಳೆಯನದೊಂದು ಸಣ್ಣ ಶೆಡ್ ಇದೆ. ಎರಡು ಲೇತು, ಒಂದು ಮಿಲ್ಲಿಂಗು, ಒಂದು ಬ್ಯಾಂಡ್‌ಸಾ, ಐದು ಜನ. ನಾನು ವಾರವಿಡೀ ಹಿಂಜವಡಿಯ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಯಂತ್ರಗಳ ಡ್ರಾಯಿಂಗ್ ಮಾಡುವವನು. ಯಂತ್ರವನ್ನು ಕೈಯಿಂದ ಮುಟ್ಟುವುದು ಶನಿವಾರ ಈ ಶೆಡ್ಡಿನಲ್ಲಿ ಮಾತ್ರ. ಬಾಗಿಲು ಮುಚ್ಚಿದ ಯಾವುದೋ ಕಾರ್ಖಾನೆಯಿಂದ ಗುಜರಿಗೆ ಬಂದಿದ್ದ ಈ ಹ್ಯಾಕ್ಸಾವನ್ನು ಗೆಳೆಯ ಕಿಲೋ ಲೆಕ್ಕದಲ್ಲಿ ಕೊಂಡು ತಂದಿದ್ದ. ಹೆಸರಿನ ತಗಡು ಕಳಚಿ ಹೋಗಿತ್ತು. ಬಟಾಲಾದ್ದೋ ರಾಜಕೋಟದ್ದೋ ಇರಬೇಕು ಎಂದು ನಮ್ಮ ಊಹೆ.

ನೋಡದವರಿಗೆ ಎರಡು ಮಾತು. ಕೈಯಲ್ಲಿ ಹಿಡಿದು ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡು ಗೊತ್ತಲ್ಲ, ಅದನ್ನೇ ದೊಡ್ಡದು ಮಾಡಿ ಮೋಟಾರಿಗೆ ಕಟ್ಟಿದ್ದು ಇದು. ಮೋಟಾರಿನಿಂದ ಬೆಲ್ಟು, ಬೆಲ್ಟಿನಿಂದ ದೊಡ್ಡ ಪುಲ್ಲಿ, ಅಲ್ಲಿಂದ ಕ್ರ್ಯಾಂಕು, ಕ್ರ್ಯಾಂಕಿನಿಂದ ಒಂದು ಉದ್ದ ರಾಡು. ಚಕ್ರದ ಸುತ್ತಾಟ ಹೀಗೆ ಬ್ಲೇಡಿನ ಹೋಗಿಬರುವ ಆಟವಾಗುತ್ತದೆ. ನಮ್ಮದು ಎಳೆಯುವಾಗ ಕೊಯ್ಯುತ್ತದೆ, ಹಿಂದಕ್ಕೆ ಹೋಗುವಾಗ ಬ್ಲೇಡನ್ನು ಕೂದಲೆಳೆಯಷ್ಟು ಮೇಲೆತ್ತಿಕೊಳ್ಳುತ್ತದೆ. ಎತ್ತದಿದ್ದರೆ ಹಲ್ಲುಗಳು ಬೆನ್ನಿನ ಮೇಲೆ ಉಜ್ಜಿ ಬೇಗ ಮೊಂಡಾಗುತ್ತವೆ. ಅಂದರೆ ಈ ಯಂತ್ರ ತನ್ನ ಆಯಸ್ಸಿನ ಹತ್ತಿರ ಹತ್ತಿರ ಅರ್ಧವನ್ನು ಬರಿಗೈಯಲ್ಲಿ ಹಿಂದಿರುಗುವುದರಲ್ಲಿ ಕಳೆಯುತ್ತದೆ. ಬ್ಯಾಂಡ್‌ಸಾ ಬಂದ ಮೇಲೆ ಇದು ಮೂಲೆಗೆ ಬಿದ್ದದ್ದು ಅದಕ್ಕೇ. ಲಾಭದ ಲೆಕ್ಕ ಹಾಕಿದರೆ ಇದನ್ನು ಸರಿಮಾಡಲು ನಮಗೆ ಬಲವಾದ ಕಾರಣ ಇರಲಿಲ್ಲ. ಬ್ಲೇಡು ಅಗ್ಗ, ಜಾಬ್ ಕಟ್ಟಿಟ್ಟು ಬೇರೆ ಕೆಲಸ ನೋಡಬಹುದು, ಇಷ್ಟೇ.

ಬಿಚ್ಚುತ್ತಾ ಹೋದಾಗ ಸಿಕ್ಕಿದ್ದು ನನ್ನನ್ನು ಇವತ್ತಿಗೂ ಕಾಡುತ್ತದೆ. ಈ ಯಂತ್ರಕ್ಕೆ ಒಂಬತ್ತು ಕಡೆ ಎಣ್ಣೆಯ ತೂತುಗಳಿದ್ದವು. ಅವುಗಳಲ್ಲಿ ನಾಲ್ಕರ ಬಾಯಿ ಹಸಿರು ಬಣ್ಣದಿಂದ ಮುಚ್ಚಿತ್ತು. ಒಂದರ ಮೇಲೆ ಒಂದು ಮೂರು ಪದರ ಬಣ್ಣ. ಸಣ್ಣ ಕಾರ್ಖಾನೆಗಳನ್ನು ಬಲ್ಲವರಿಗೆ ಇದು ಹೇಗೆ ಆಗಿರಬಹುದು ಎಂದು ವಿವರಿಸಬೇಕಾಗಿಲ್ಲ. ಗಿರಾಕಿ ಕಂಪನಿಯವರು ಆಡಿಟ್‌ಗೆ ಬರುತ್ತಾರೆ ಎಂದರೆ ಹಿಂದಿನ ರಾತ್ರಿ ನೆಲಕ್ಕೆ ಹಳದಿ ಗೆರೆ, ಯಂತ್ರಗಳಿಗೆ ಹಸಿರು ಬಣ್ಣ. ಖಂಡೇನವಮಿಗೂ ಹೀಗೇ. ನಮ್ಮ ಕಡೆ ಆಯುಧಪೂಜೆಗೆ ಕುಂಬಳಕಾಯಿ ಒಡೆದು, ಹೂವಿನ ಹಾರ ಹಾಕಿ, ಮೋಟಾರಿಗೆ ವಿಭೂತಿ ಬಳಿಯುತ್ತೇವೆ. ತಪ್ಪೆಂದು ಹೇಳುತ್ತಿಲ್ಲ, ವರ್ಷಕ್ಕೊಂದು ದಿನವಾದರೂ ದುಡಿಯುವ ವಸ್ತುವಿಗೆ ಕೈಮುಗಿಯುವ ಸಂಸ್ಕಾರ ನನಗೆ ಇಷ್ಟ. ಆದರೆ ಒಂದು ತೂತಿನೊಳಗೆ ಕುಂಕುಮ ಎಣ್ಣೆಯೊಂದಿಗೆ ಸೇರಿ ಇಟ್ಟಿಗೆಯಂತೆ ಗಟ್ಟಿಯಾಗಿ ಕೂತಿತ್ತು. ಅದನ್ನು ತಂತಿ ಹಾಕಿ ಕೆದಕಿ, ಸೀಮೆಎಣ್ಣೆ ಬಿಟ್ಟು ಕರಗಿಸಲು ನನಗೆ ಅರ್ಧ ದಿನ ಹಿಡಿಯಿತು.

ಬಣ್ಣ ಮುಚ್ಚಿದ್ದ ತೂತುಗಳ ಕೆಳಗಿನ ಬುಶ್ಶುಗಳೇ ಹೆಚ್ಚು ಸವೆದಿದ್ದವು. ಕ್ರ್ಯಾಂಕ್ ಪಿನ್ನಿನ ಬುಶ್ಶು ಸುಮಾರು ಅರ್ಧ ಮಿಲಿಮೀಟರಿನಷ್ಟು ಅಂಡಾಕಾರ ತಾಳಿತ್ತು. ಶೆಡ್ಡಿನಲ್ಲಿ ಒಬ್ಬರು ಕಾಕಾ ಇದ್ದಾರೆ, ಅಕ್ಕಲಕೋಟೆ ಕಡೆಯವರು, ಅರವತ್ತು ದಾಟಿದೆ. ಮರಾಠಿಯಷ್ಟೇ ಸಲೀಸಾಗಿ ನಮ್ಮ ಮಾತು ಆಡುತ್ತಾರೆ. ಬುಶ್ಶನ್ನು ಬೆಳಕಿಗೆ ಹಿಡಿದು ನೋಡಿ, "ಸಾಹೇಬ್ರ, ಬಣ್ಣ ಹಚ್ಚಿದಾಂವ ಮಷೀನ್ ನಡಸೂ ಮನಷ್ಯಾ ಅಲ್ರಿ. ನಡಸಾಂವಗ ತೂತು ಎಲ್ಲೆಲ್ಲಿ ಅದಾವು ಅಂತ ಕಣ್ಣು ಮುಚ್ಚಿದ್ರೂ ಗೊತ್ತಿರ್ತದ" ಅಂದರು.

ಇನ್ನೆರಡು ತೂತುಗಳಲ್ಲಿ ಯಾರೋ ಗ್ರೀಸ್ ತುರುಕಿದ್ದರು. ಇದು ಇನ್ನೂ ಸ್ವಾರಸ್ಯದ ಸಂಗತಿ. ಬಣ್ಣ ಹಚ್ಚಿದವನಿಗೆ ಯಂತ್ರದ ಪರಿವೆ ಇರಲಿಲ್ಲ. ಗ್ರೀಸ್ ತುಂಬಿದವನಿಗೆ ಇತ್ತು. ಎಣ್ಣೆ ಸೋರಿಹೋಗುತ್ತದೆ, ನಾಳೆ ಮತ್ತೆ ಹಾಕಬೇಕು. ಗ್ರೀಸ್ ನಿಲ್ಲುತ್ತದೆ. ಒಮ್ಮೆ ಗಟ್ಟಿಯಾಗಿ ತುಂಬಿಬಿಟ್ಟರೆ ಹಲವು ತಿಂಗಳ ಚಿಂತೆ ಇಲ್ಲ ಎಂದು ಅವನು ಲೆಕ್ಕ ಹಾಕಿರಬೇಕು. ಗ್ರೀಸಿಗೆಂದೇ ಮಾಡಿದ ಜಾಗಗಳಲ್ಲಿ ಆ ಲೆಕ್ಕ ಸರಿ. ಆದರೆ ಎಣ್ಣೆಗಾಗಿ ಕೊರೆದ ಕಿರಿದಾದ ದಾರಿಯಲ್ಲಿ ಗ್ರೀಸ್ ಒಳಗೆ ಹೋಗದೆ ಬಾಯಲ್ಲೇ ಕೂತು ಒಣಗಿತ್ತು, ಹಾರಿಬಂದ ಕಬ್ಬಿಣದ ಪುಡಿಯನ್ನೆಲ್ಲ ಹಿಡಿದುಕೊಂಡು ಪಾಲಿಶ್ ಕಾಗದದಂತೆ ಉಜ್ಜುತ್ತಿತ್ತು. ಒಂದು ವರ್ಷದ ಎಣ್ಣೆಯನ್ನು ಒಂದೇ ದಿನ ಹಾಕಲು ಹೊರಟವನ ಕೆಲಸ ಅದು.

ನನಗೆ ಇಲ್ಲಿ ಒಂದು ನೈತಿಕ ಪ್ರಶ್ನೆ ಕಾಣುತ್ತದೆ. ನಾವು ಕರ್ತವ್ಯವನ್ನು ಸಾಮಾನ್ಯವಾಗಿ ಸಾಲದ ಹಾಗೆ ಯೋಚಿಸುತ್ತೇವೆ. ಋಣ ಅನ್ನುವ ಪದವೇ ಇದೆ ನಮ್ಮಲ್ಲಿ. ಸಾಲ ಎಂದರೆ ಒಂದು ಮೊತ್ತ. ಕಂತಿನಲ್ಲಿ ತೀರಿಸಬಹುದು, ಒಟ್ಟಿಗೆ ತೀರಿಸಬಹುದು, ತಡವಾದರೆ ಬಡ್ಡಿ ಸೇರಿಸಿ ತೀರಿಸಬಹುದು. ತೀರಿದ ದಿನ ಮುಗಿಯಿತು. ಆದರೆ ಕೆಲವು ಋಣಗಳಿಗೆ ಮೊತ್ತವೇ ಇಲ್ಲ. ಇಂದಿನ ಎರಡು ಹನಿಯನ್ನು ಇಂದೇ ಕೊಡಬೇಕು. ನಾಳೆ ನಾಲ್ಕು ಹನಿ ಹಾಕಿದರೆ ಇಂದಿನದು ತುಂಬಿಕೊಳ್ಳುವುದಿಲ್ಲ. ಇಂದು ಸವೆದದ್ದು ಸವೆಯಿತು, ನಾಳೆಯ ಹೆಚ್ಚುವರಿ ಎರಡು ಹನಿ ನೆಲಕ್ಕೆ ಸೋರುತ್ತವೆ.

ಇದು ಬರೀ ಉಪಮೆ ಅಲ್ಲ, ಎಣ್ಣೆಯ ಸ್ವಭಾವವೇ ಹಾಗೆ. 1883ರಲ್ಲಿ ಬೋಷಾಂಪ್ ಟವರ್ ಎಂಬ ಇಂಗ್ಲಿಷ್ ಎಂಜಿನಿಯರ್ ಬೇರಿಂಗುಗಳ ಮೇಲೆ ನಡೆಸಿದ ತನ್ನ ಪ್ರಯೋಗಗಳ ವರದಿ ಕೊಟ್ಟ. ಬೇರಿಂಗಿನ ನೆತ್ತಿಯಲ್ಲಿ ಎಣ್ಣೆಗೆಂದು ಒಂದು ತೂತು ಕೊರೆದಿದ್ದ. ಅಕ್ಷ ತಿರುಗತೊಡಗಿದಾಗ ಎಣ್ಣೆ ಒಳಗೆ ಇಳಿಯುವ ಬದಲು ಆ ತೂತಿನಿಂದ ಮೇಲಕ್ಕೆ ಉಕ್ಕಿತು. ಬೆಣೆ ಬಡಿದು ಮುಚ್ಚಿದರೆ, ಬೆಣೆಯನ್ನೇ ನಿಧಾನವಾಗಿ ಹೊರಗೆ ತಳ್ಳಿತು. ತಿರುಗುವ ಅಕ್ಷ ಎಣ್ಣೆಯನ್ನು ತನ್ನಡಿಗೆ ಎಳೆದುಕೊಂಡು ಒತ್ತಡ ಹುಟ್ಟಿಸುತ್ತದೆ, ಆ ತೆಳು ಪೊರೆಯ ಮೇಲೆ ಭಾರವೆಲ್ಲ ತೇಲುತ್ತದೆ ಎಂದು ಆಗ ಗೊತ್ತಾಯಿತು. ಅದರ ಗಣಿತವನ್ನು ಆಸ್ಬರ್ನ್ ರೆನಾಲ್ಡ್ಸ್ 1886ರಲ್ಲಿ ಬರೆದ. ಇದರಲ್ಲಿ ನನಗೆ ಬೇಕಾದದ್ದು ಒಂದು ಅಂಶ: ಆ ಪೊರೆ ಚಲನೆಯಿಂದ ಹುಟ್ಟುತ್ತದೆ. ನಿಂತ ಯಂತ್ರದಲ್ಲಿ ಅದು ಇಲ್ಲ. ಹ್ಯಾಕ್ಸಾದ ಚೌಕಟ್ಟು ಜಾರುವ ದಾರಿಯ ಕಷ್ಟ ಇನ್ನೂ ಹೆಚ್ಚಿನದು, ಅದು ಪ್ರತಿ ಹೊಡೆತಕ್ಕೆ ಎರಡು ಸಲ ನಿಲ್ಲುತ್ತದೆ. ನಮ್ಮ ಯಂತ್ರ ನಿಮಿಷಕ್ಕೆ 80 ಹೊಡೆತ ಹಾಕುತ್ತದೆ. ಎಂದರೆ ನಿಮಿಷಕ್ಕೆ 160 ನಿಲುಗಡೆ. ದಿನಕ್ಕೆ ನಾಲ್ಕು ಗಂಟೆ ಓಡಿದರೆ 38,400 ಸಲ ಅದು ನಿಂತು ತಿರುಗುತ್ತದೆ. ಪ್ರತಿ ಸಲವೂ ಆ ಗಳಿಗೆಯಲ್ಲಿ ಲೋಹ ಲೋಹವನ್ನು ಮುಟ್ಟದಂತೆ ಕಾಯುವುದು ಮೇಲ್ಮೈಗೆ ಅಂಟಿ ಉಳಿದ ಅಷ್ಟಿಷ್ಟು ಎಣ್ಣೆ.

ಕಾಕಾ ಟವರನ ಹೆಸರು ಕೇಳಿದವರಲ್ಲ. ಆದರೆ ಬೆಳಿಗ್ಗೆ ಸ್ವಿಚ್ ಒತ್ತುವ ಮೊದಲು ಒಂಬತ್ತು ತೂತಿಗೂ ಎರಡೆರಡು ಹನಿ ಬಿಟ್ಟು, ಪುಲ್ಲಿಯನ್ನು ಕೈಯಿಂದ ಮೂರು ಸುತ್ತು ತಿರುಗಿಸುತ್ತಾರೆ. ಯಾಕೆ ಎಂದು ಕೇಳಿದರೆ, "ನಿದ್ದಿಯೊಳಗಿಂದ ಎದ್ದ ಕೂಡಲೇ ಯಾರನ್ನೂ ಓಡಸಬಾರದ್ರಿ" ಅನ್ನುತ್ತಾರೆ. ಅವರ ವಸ್ತಾದರು ಕಲಿಸಿದ್ದಂತೆ. ಎತ್ತಿನ ಬಂಡಿಯ ಕಾಲದಲ್ಲೂ ನಮ್ಮ ರೈತರಿಗೆ ಇದು ಗೊತ್ತಿತ್ತು. ಕೀಲೆಣ್ಣೆ ಹಾಕದೆ ದೂರದ ದಾರಿಗೆ ಬಂಡಿ ಕಟ್ಟುತ್ತಿರಲಿಲ್ಲ.

ಹೀಗೆ ಪ್ರತಿದಿನ ಮಾಡಿ ಪ್ರತಿದಿನವೂ ಅಳಿಸಿಹೋಗುವ ಕೆಲಸಕ್ಕೆ ತತ್ತ್ವಶಾಸ್ತ್ರದಲ್ಲಿ ಎಲ್ಲಿ ಜಾಗ ಎಂದು ಹುಡುಕಿದಾಗ ನನಗೆ ಸಿಕ್ಕವರು ಹ್ಯಾನಾ ಅರೆಂಟ್. 1958ರ 'ದಿ ಹ್ಯೂಮನ್ ಕಂಡಿಷನ್' ಪುಸ್ತಕದಲ್ಲಿ ಅವರು ದುಡಿಮೆಯನ್ನೂ ನಿರ್ಮಾಣವನ್ನೂ ಬೇರೆಬೇರೆ ಮಾಡುತ್ತಾರೆ. ನಿರ್ಮಾಣ ಎಂದರೆ ಮೇಜು, ಮನೆ, ಯಂತ್ರ. ಮಾಡಿದವನ ನಂತರವೂ ಅದು ಲೋಕದಲ್ಲಿ ಉಳಿಯುತ್ತದೆ. ದುಡಿಮೆ ಎಂದರೆ ಅಡುಗೆ, ಗುಡಿಸುವುದು, ಲೋಕ ಹಾಳಾಗದಂತೆ ದಿನವೂ ಕಾಯುವುದು. ಅದು ಏನನ್ನೂ ಹಿಂದೆ ಬಿಡುವುದಿಲ್ಲ. ಹರ್ಕ್ಯುಲಿಸ್ ತೊಳೆದ ಲಾಯ ಒಮ್ಮೆ ತೊಳೆದ ಮೇಲೆ ಮತ್ತೆ ಗಲೀಜಾಗಲಿಲ್ಲವಲ್ಲ, ಅದು ಪುರಾಣದಲ್ಲಿ ಮಾತ್ರ ನಡೆಯುವ ಪವಾಡ ಎಂಬರ್ಥದ ಮಾತೂ ಅಲ್ಲಿದೆ. ವಿಶ್ಲೇಷಣೆ ಹರಿತವಾಗಿದೆ. ಆದರೂ ಓದುತ್ತಾ ಓದುತ್ತಾ ದುಡಿಮೆ ಕೆಳಗಿನ ಮೆಟ್ಟಿಲಲ್ಲೇ ಉಳಿಯಿತು ಅನ್ನಿಸುತ್ತದೆ. ಮಾಡದೆ ವಿಧಿಯಿಲ್ಲ, ಮಾಡಿದವನ ಹೆಸರಂತೂ ಉಳಿಯುವುದಿಲ್ಲ.

ಕನ್ನಡದಲ್ಲಿ ಓದಿ ಬೆಳೆದವನಿಗೆ ಇಲ್ಲಿ ತಕರಾರು ಹುಟ್ಟುತ್ತದೆ. ಹನ್ನೆರಡನೆಯ ಶತಮಾನದ ಶರಣರ ಪಟ್ಟಿಯನ್ನು ನೆನೆಸಿಕೊಳ್ಳಿ. ಮಡಿವಾಳ ಮಾಚಿದೇವರ ಕಾಯಕ ಬಟ್ಟೆ ಒಗೆಯುವುದು. ಸತ್ಯಕ್ಕನದು ಶರಣರ ಅಂಗಳ ಗುಡಿಸುವುದು ಎಂದು ಪರಂಪರೆ ಹೇಳುತ್ತದೆ. ಎರಡೂ ನಾಳೆಗೆ ಉಳಿಯದ ಕೆಲಸಗಳೇ. ಒಗೆದ ಬಟ್ಟೆ ಕೊಳೆಯಾಗುತ್ತದೆ, ಗುಡಿಸಿದ ಅಂಗಳಕ್ಕೆ ಸಂಜೆಯೊಳಗೆ ಎಲೆ ಬೀಳುತ್ತದೆ. ಆದರೂ ಅವರ ಹೆಸರು ಎಂಟು ನೂರು ವರ್ಷ ಉಳಿದಿದೆ, ಅದೂ ಮಾಚಿದೇವರದು ಕಸುಬಿನ ಸಮೇತ. ಕಾಯಕ ಅನ್ನುವ ಮಾತನ್ನು ನಾವೀಗ ಕಚೇರಿಯ ಗೋಡೆಯ ಪೋಸ್ಟರು ಮಾಡಿದ್ದೇವೆ, ಓವರ್‌ಟೈಮ್ ಕೊಡದೆ ಕೂರಿಸುವವರಿಗೆ ಅದು ಬಹಳ ಅನುಕೂಲ, ಆ ಮಾತು ಬೇರೆ. ಕಾಯಕದ ಬೆಲೆಯನ್ನು ಅದು ಹಿಂದೆ ಬಿಟ್ಟುಹೋಗುವ ವಸ್ತುವಿನಿಂದ ಅಳೆಯಬೇಕಿಲ್ಲ ಎಂಬ ಸಾಧ್ಯತೆ ನಮ್ಮ ಭಾಷೆಯಲ್ಲಿ ಮೊದಲೇ ಇತ್ತು ಎಂಬುದಷ್ಟೇ ನನ್ನ ಮಾತು.

ಸಾಧ್ಯತೆ ಇದ್ದರೇನು, ಲೆಕ್ಕಪುಸ್ತಕದಲ್ಲಿ ಇಲ್ಲ. ಯಾವ ಕಾರ್ಖಾನೆಯನ್ನಾದರೂ ನೋಡಿ. ಮುರಿದ ಯಂತ್ರವನ್ನು ರಾತ್ರಿಯಿಡೀ ಕೂತು ಸರಿಮಾಡಿದ ಫಿಟ್ಟರಿಗೆ ಓವರ್‌ಟೈಮು, ಬೆನ್ನುತಟ್ಟುವಿಕೆ, ಬೆಳಿಗ್ಗೆ ಮಾಲೀಕರೇ ತರಿಸುವ ವಡಾಪಾವು. ಹತ್ತು ವರ್ಷ ಯಂತ್ರ ಮುರಿಯದಂತೆ ಎಣ್ಣೆ ಬಿಟ್ಟವನಿಗೆ ಏನೂ ಇಲ್ಲ, ಏಕೆಂದರೆ ಅವನಿಂದಾಗಿ ಆದದ್ದು ಏನೂ ಇಲ್ಲ. 1966ರಲ್ಲಿ ಬ್ರಿಟನ್ನಿನ ಪೀಟರ್ ಜೋಸ್ಟ್ ಸಮಿತಿ ಈ 'ಏನೂ ಇಲ್ಲ'ಕ್ಕೆ ಬೆಲೆ ಕಟ್ಟಲು ಹೊರಟಿತು. ಘರ್ಷಣೆ, ಸವೆತ, ಎಣ್ಣೆಗಳ ವಿಷಯದಲ್ಲಿ ಸರಿಯಾಗಿ ನಡೆದುಕೊಂಡರೆ ಆ ದೇಶಕ್ಕೆ ವರ್ಷಕ್ಕೆ 51.5 ಕೋಟಿ ಪೌಂಡ್ ಉಳಿಯುತ್ತದೆ ಎಂದು ಅಂದಾಜು ಮಾಡಿತು. ಟ್ರೈಬಾಲಜಿ ಎಂಬ ಹೊಸ ಶಾಸ್ತ್ರದ ಹೆಸರೇ ಆ ವರದಿಯಿಂದ ಚಾಲ್ತಿಗೆ ಬಂತು. ಮೊತ್ತ ದೊಡ್ಡದು. ಆದರೆ ಅದು ಯಾರ ಕೈಯಿಂದ ಉಳಿಯುವುದೋ ಅವರ ಪಗಾರಿನ ಚೀಟಿಗೂ ಆ ಮೊತ್ತಕ್ಕೂ ಏನು ಸಂಬಂಧ?

ಊರು ಬಿಟ್ಟು ಬಂದ ನಮಗೆ ಈ ವಿಷಯ ಕಾರ್ಖಾನೆಯ ಗೇಟಿನಲ್ಲಿ ನಿಲ್ಲುವುದಿಲ್ಲ. ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಒಬ್ಬರು ಹೊರಗೆ, ಒಬ್ಬರು ಊರಲ್ಲಿ. ಹೊರಗಿದ್ದವರು ವರ್ಷಕ್ಕೆ ಎರಡು ಸಲ ಹೋಗಿ ಗೋಡೆಗೆ ಬಣ್ಣ ಹೊಡೆಸುತ್ತೇವೆ, ಹಳೆಯ ಫ್ರಿಜ್ ತೆಗೆದು ಹೊಸದು ಇಡುತ್ತೇವೆ, ಅಮ್ಮನನ್ನು ಒಳ್ಳೆಯ ಡಾಕ್ಟರಿಗೆ ತೋರಿಸಿ ಎಲ್ಲ ಪರೀಕ್ಷೆ ಒಂದೇ ವಾರದಲ್ಲಿ ಮಾಡಿಸಿ ಬರುತ್ತೇವೆ. ಓಣಿಯವರು ಹೊಗಳುತ್ತಾರೆ. ಊರಲ್ಲಿದ್ದವರು ದಿನಾ ಬೆಳಿಗ್ಗೆ ಬಿಪಿ ಮಾತ್ರೆ ಕೊಟ್ಟು, ನಲ್ಲಿ ನೀರು ಬರುವ ಹೊತ್ತಿಗೆ ಎದ್ದು, ಪಿಂಚಣಿಯ ಜೀವಿತ ಪ್ರಮಾಣಪತ್ರಕ್ಕೆ ಬ್ಯಾಂಕಿಗೆ ಕರೆದೊಯ್ದು, ಒಂದೇ ಕಥೆಯನ್ನು ನೂರನೆಯ ಸಲ ಕೇಳುತ್ತಾರೆ. ಹುಬ್ಬಳ್ಳಿಯಲ್ಲಿರುವ ನನ್ನ ಅಕ್ಕ ಇದನ್ನು ಒಂದೇ ಮಾತಲ್ಲಿ ಹೇಳುತ್ತಾಳೆ. "ನೀ ಬಂದಾಗ ಮನಿ ಹೊಸಾದು ಆಗ್ತದೋ. ನೀ ಹೋದಮ್ಯಾಲೆ ಮನಿ ನಡೀತದ." ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ, ಹಪ್ಪಳ ಸುಡುತ್ತಾ ಹೇಳಿದಳು. ಹಣ ಕಳಿಸುವುದು ಸಣ್ಣದೆಂದು ನಾನು ಒಪ್ಪುವುದಿಲ್ಲ. ಬುಶ್ಶು ಸವೆದಾಗ ಎಷ್ಟು ಎಣ್ಣೆ ಹಾಕಿದರೂ ಸಾಲದು, ಹೊಸ ಬುಶ್ಶೇ ಬೇಕು, ಅದಕ್ಕೆ ದುಡ್ಡೇ ಬೇಕು. ಎರಡೂ ಬೇರೆ ಬೇರೆ ಜಾತಿಯ ಋಣಗಳು, ಒಂದನ್ನು ಕೊಟ್ಟು ಇನ್ನೊಂದನ್ನು ತೀರಿಸಲು ಬರುವುದಿಲ್ಲ ಎಂಬುದಷ್ಟೇ ತೊಡಕು. ಆಸ್ತಿ ಪಾಲಿನ ದಿನ ಬರುವ ಜಗಳಗಳಲ್ಲಿ ಅರ್ಧದಷ್ಟು ಈ ಎರಡನ್ನು ಒಂದೇ ತಕ್ಕಡಿಯಲ್ಲಿ ಇಡಲು ಹೋಗಿ ಆಗುವಂಥವು.

ಗೆಳೆಯನ ಬಳಿ ಇದನ್ನೆಲ್ಲ ಹೇಳಿದರೆ ಅವನು ನಕ್ಕ. "ಟೈಮರ್ ಇರೋ ಲೂಬ್ರಿಕೇಶನ್ ಪಂಪು ಹಾಕಿಬಿಡೋಣ ಮಾರಾಯ, ನಿನ್ನ ತತ್ತ್ವಶಾಸ್ತ್ರಕ್ಕೆ ರಜೆ ಸಿಗುತ್ತೆ" ಅಂದ. ಅವನು ಮಂಗಳೂರಿನವನು, ಹೀಗೇ ಮಾತಾಡುತ್ತಾನೆ. ಅವನ ಮಾತನ್ನು ತಳ್ಳಿಹಾಕಲಾಗದು. ಯಂತ್ರಕ್ಕೆ ಎಣ್ಣೆ ಯಾರು ಹಾಕಿದರು ಎಂಬ ಅರಿವಿಲ್ಲ. ಕಾಂಟ್ ಹೇಳುವಂತೆ ಜೀವವಿಲ್ಲದ ವಸ್ತುಗಳಿಗೆ ನಾವು ನೇರವಾಗಿ ಏನೂ ಬಾಕಿ ಇಲ್ಲ. ಅವನ್ನು ಸುಮ್ಮನೆ ಹಾಳುಮಾಡುವ ಚಟ ನಮ್ಮೊಳಗಿನ ಏನನ್ನೋ ಕೆಡಿಸುತ್ತದೆ, ಹಾಗಾಗಿ ಆ ಕರ್ತವ್ಯ ನಮಗೆ ನಾವೇ ಸಲ್ಲಿಸಿಕೊಳ್ಳುವಂಥದ್ದು. ನಾನು ಇದಕ್ಕೆ ಬಹುಮಟ್ಟಿಗೆ ಒಪ್ಪುತ್ತೇನೆ. ಕೈ ಎಟುಕದ ಎರಡು ಜಾಗಗಳಿಗೆ ಗಾಜಿನ ಬಟ್ಟಲಿನ ಹನಿ ಆಯಿಲರ್ ಕೂರಿಸಿದೆವು. ಅದರಿಂದ ಯಾರ ಆತ್ಮಕ್ಕೂ ನಷ್ಟವಾಗಿಲ್ಲ.

ಉಳಿದ ಏಳಕ್ಕೆ ಕಾಕಾ ಬೇಡವೆಂದರು. ಅವರ ಕಾರಣ ಭಾವುಕವಾದದ್ದಲ್ಲ. ಸೋರಿ ಹೊರಬಂದ ಎಣ್ಣೆಯನ್ನು ಅವರು ಬೆರಳಿಗೆ ಹಚ್ಚಿಕೊಂಡು ನೋಡುತ್ತಾರೆ. ತಿಳಿಯಾಗಿದ್ದರೆ ಒಳಗೆ ಕ್ಷೇಮ. ಕಪ್ಪಗೆ ಮಂದವಾಗಿದ್ದರೆ ನಿನ್ನೆ ಯಾರೋ ಹಾಕಿಲ್ಲ. ಬೂದುಬಣ್ಣದಲ್ಲಿ ಸಣ್ಣ ಹೊಳಪಿದ್ದರೆ ಬುಶ್ಶು ಕರಗುತ್ತಿದೆ. ಅಂದರೆ ಸೋರಿಹೋದ ಎಣ್ಣೆ ವ್ಯರ್ಥವಲ್ಲ. ಒಳಗಿನ ಕೊಳೆಯನ್ನೂ ಸುದ್ದಿಯನ್ನೂ ಅದು ಹೊರಗೆ ಹೊತ್ತು ತರುತ್ತದೆ. ಈಗಿನ ಯಂತ್ರಗಳಲ್ಲಿ 'ಸೀಲ್ಡ್ ಫಾರ್ ಲೈಫ್' ಬೇರಿಂಗುಗಳು ಬರುತ್ತವೆ. ಆಯುಷ್ಯಕ್ಕೆಲ್ಲ ಸಾಕಾಗುವಷ್ಟು ಗ್ರೀಸ್ ತುಂಬಿ ಬಾಯಿ ಮುಚ್ಚಿದಂಥವು. ಯಾರ ಆಯುಷ್ಯ ಎಂದರೆ, ಆ ಬೇರಿಂಗಿನದೇ! ಒಳ್ಳೆಯ ವಸ್ತುವೇ, ನಾನು ದಿನಾ ನನ್ನ ಡ್ರಾಯಿಂಗುಗಳಲ್ಲಿ ಹಾಕುತ್ತೇನೆ. ಆದರೆ ಅದು ಏನನ್ನೂ ಸೋರುವುದಿಲ್ಲ, ಕೂಗುವವರೆಗೆ ಒಳಗಿನ ಸುದ್ದಿ ಹೊರಗಿನವರಿಗೆ ತಿಳಿಯುವುದಿಲ್ಲ.

ಸೋರಿದ್ದು ಎಲ್ಲಿಗೆ ಹೋಗುತ್ತದೆ ಎಂಬುದೂ ಪ್ರಶ್ನೆಯೇ. ಭೋಸರಿಯ ಒಂದು ಕಡೆ ಪವನಾ, ಇನ್ನೊಂದು ಕಡೆ ಇಂದ್ರಾಯಣಿ. ಯಂತ್ರದ ಕೆಳಗೆ ತಗಡಿನ ಟ್ರೇ ಇಟ್ಟೆವು, ತುಂಬಿದ್ದನ್ನು ಡಬ್ಬಿಯಲ್ಲಿ ಕೂಡಿಟ್ಟು ಹಳೆ ಎಣ್ಣೆ ಕೊಳ್ಳುವ ಪರವಾನಗಿ ಇರುವವರಿಗೆ ಕೊಡುತ್ತೇವೆ. ಇದೇ ರೀತಿ ಇನ್ನೊಂದು ವಿಷಯದಲ್ಲಿ ನಮ್ಮೊಳಗೆ ವಾದ ಆಯಿತು. ಮೂಲ ಯಂತ್ರದಲ್ಲಿ ಬೆಲ್ಟಿಗೆ ಮುಚ್ಚಿಗೆ ಇರಲಿಲ್ಲ, ಸ್ವಿಚ್ಚು ಹಳೆಯ ಎಳೆಯುವ ಸ್ವಿಚ್ಚು. ಇದ್ದ ಹಾಗೇ ಇರಲಿ, ಹಳತರ ಅಂದ ಕೆಡಿಸಬಾರದು ಎಂದು ಗೆಳೆಯನ ಮಗನ ಆಸೆ, ಎಂಜಿನಿಯರಿಂಗ್ ಓದುತ್ತಿದ್ದಾನೆ. ಆದರೆ ಆ ಸ್ವಿಚ್ಚಿದ್ದರೆ ಕರೆಂಟು ಹೋಗಿ ಮತ್ತೆ ಬಂದಾಗ ಯಂತ್ರ ತಾನಾಗಿಯೇ ಓಡತೊಡಗುತ್ತದೆ, ಆ ಹೊತ್ತಿಗೆ ಯಾರದೋ ಕೈ ಬ್ಲೇಡಿನ ಬಳಿ ಇರಬಹುದು. ಕರೆಂಟು ಹೋದಾಗ ಬಿಟ್ಟುಕೊಂಡು, ಹಸಿರು ಗುಂಡಿ ಒತ್ತುವವರೆಗೆ ಹಿಡಿದುಕೊಳ್ಳದ ಸ್ಟಾರ್ಟರ್ ಹಾಕಿದೆವು, ಬೆಲ್ಟಿಗೆ ಜಾಲರಿ ಬೆಸೆದೆವು. ನೋಡಲು ಹಳತಿನಂತಿಲ್ಲ. ಹಳತರ ಚೆಂದಕ್ಕಿಂತ ಮುಂದೆ ಅದರ ಬಳಿ ನಿಲ್ಲುವ ಬೆರಳುಗಳು ದೊಡ್ಡವು. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಬಣ್ಣದ ವಿಷಯದಲ್ಲಿ ಮಾತ್ರ ಕಾಕಾ ಗೆದ್ದರು. ತುಕ್ಕು ತೆಗೆದು ಎರಡು ಕೈ ರೆಡ್ ಆಕ್ಸೈಡ್, ಅದರ ಮೇಲೆ ಒಂದು ಕೈ ಬೂದು. ಎಣ್ಣೆಯ ತೂತುಗಳ ಸುತ್ತ ಒಂದೊಂದು ಕೆಂಪು ಉಂಗುರ.

ದೀಪಾವಳಿಗೆ ಕಾಕಾ ಹತ್ತು ದಿನ ಊರಿಗೆ ಹೋಗುವವರಿದ್ದರು. ಬಿಹಾರದಿಂದ ಬಂದ ಹೊಸ ಹುಡುಗನಿಗೆ ಒಂಬತ್ತು ಜಾಗವನ್ನೂ ತೋರಿಸಿಕೊಟ್ಟರು, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅಂಕಿ ಬರೆದರು. ಹುಡುಗ ಮೊದಲ ದಿನ ಪುಲ್ಲಿ ತಿರುಗಿಸುವುದನ್ನು ಬಿಟ್ಟ, ಎರಡನೆಯ ದಿನ ತಾನಾಗಿಯೇ ತಿರುಗಿಸಿದ. ಮೊನ್ನೆ ಗುರುವಾರ ಕಾಕಾ ನನ್ನ ಕಚೇರಿಯ ಹೊತ್ತಿನಲ್ಲೇ ಫೋನ್ ಮಾಡಿದರು. ಏಳನೆಯ ತೂತಿನ ಕೆಳಗೆ ಎಣ್ಣೆ ಬೂದುಬಣ್ಣಕ್ಕೆ ತಿರುಗಿದೆಯಂತೆ. ನಾವು ಹೊಸದಾಗಿ ಹಾಕಿದ ಗನ್‌ಮೆಟಲ್ ಬುಶ್ಶು ಅದು. ಹೊಸ ಬುಶ್ಶು ಹೊಂದಿಕೊಳ್ಳುವಾಗ ಸ್ವಲ್ಪ ಹಾಗಾಗುತ್ತದೆ ಎಂದು ನಾನು, ಅಲ್ಲ ಅಂತ ಅವರು. ಶನಿವಾರ ಬಿಚ್ಚಿ ನೋಡಬೇಕು.